ಇಪ್ಪತ್ನಾಲ್ಕರಲ್ಲಿ ಒಂದು ಓಮ್ನಿ

ಮಾರುತಿ ಓಮ್ನಿಯ ಉದ್ದ 3370 ಮಿಲಿಮೀಟರ್. ಅದನ್ನು 24ರಿಂದ ಭಾಗಿಸಿದರೆ 140 ಚಿಲ್ಲರೆ. ಅಗಲ 1410 ಇದ್ದದ್ದು 59ಕ್ಕೆ ಇಳಿಯುತ್ತದೆ, ಎತ್ತರ 1640 ಇದ್ದದ್ದು 68ಕ್ಕೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 1840, ಅದು 77 ಆಗುತ್ತದೆ. ಈ ನಾಲ್ಕು ಸಂಖ್ಯೆ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾದರಿ ಕಟ್ಟುವ ಕೆಲಸ ಶುರುವಾದ ಹಾಗೆಯೇ.

ಮಾದರಿ ಕಾರು ಎಂದರೆ ಹೆಚ್ಚಿನವರಿಗೆ ಜಪಾನಿನ ತಮಿಯಾ ಕಿಟ್ಟು, ಫೆರಾರಿ, ಪೋರ್ಷೆ ನೆನಪಾಗುತ್ತವೆ. ಕಿಟ್ ತರಿಸಿ ಕಟ್ಟುವುದರಲ್ಲಿ ತಪ್ಪೇನೂ ಇಲ್ಲ, ಕೈ ಪಳಗಲು ಅದು ಒಳ್ಳೆಯ ದಾರಿ. ಆದರೆ ಬೈಂದೂರಿನಂಥ ಊರಿನಲ್ಲಿ ಈ ಹವ್ಯಾಸ ಹಿಡಿಯುವವರಿಗೆ ನನ್ನ ಸಲಹೆ ಬೇರೆ: ಕಣ್ಣೆದುರು ಓಡಾಡುವ ಗಾಡಿಯನ್ನೇ ಅಳೆದು ಕಟ್ಟಿ. ಫೆರಾರಿಯ ಬಾಗಿಲ ಗೆರೆ ಸರಿಯಿದೆಯೋ ಇಲ್ಲವೋ ನೋಡಲು ನಮಗೆ ಸಿಗುವುದು ಫೋಟೊ ಮಾತ್ರ. ಓಮ್ನಿಯಾದರೆ ಪಕ್ಕದ ಮನೆಯ ಅಂಗಳದಲ್ಲೇ ನಿಂತಿರುತ್ತದೆ, ಸಂಶಯ ಬಂದಾಗಲೆಲ್ಲ ಹೋಗಿ ನೋಡಿ ಬರಬಹುದು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಂತ ಈ ಡಬ್ಬಿಯಂಥ ಗಾಡಿ ನಮ್ಮ ಕಡೆ ಮಾಡದ ಕೆಲಸವಿಲ್ಲ. ಶಾಲೆಗೆ ಮಕ್ಕಳನ್ನು ಬಿಟ್ಟಿದೆ, ಕೊಲ್ಲೂರಿಗೆ ಯಾತ್ರಿಕರನ್ನು ಹೊತ್ತಿದೆ, ಆಂಬ್ಯುಲೆನ್ಸ್ ಆಗಿದೆ, ಅಡುಗೆಯವರ ಪಾತ್ರೆ ಸಾಗಿಸಿದೆ. ಕಟ್ಟುವವರಿಗೂ ಅದು ಅನುಕೂಲದ ಗಾಡಿ. ಹೆಚ್ಚಿನ ಮೈ ಚಪ್ಪಟೆ, ಬಾಗು ಕಡಿಮೆ.

ಕರಾವಳಿಯ ಹುಡುಗರ ಕಣ್ಣು ಮೊದಲು ಹೋಗುವುದು ಬಸ್ಸಿನ ಮೇಲೆ ಎನ್ನುವುದು ನನಗೂ ಗೊತ್ತು. ಫೋಮ್ ಶೀಟಿನಲ್ಲಿ ಬಸ್ ಕಟ್ಟಿ, ಬಣ್ಣ ಬಳಿದು, ಕಂಪನಿಯ ಹೆಸರು ಬರೆದು, ಒಳಗೆ ಎಲ್‌ಇಡಿ ಹೊತ್ತಿಸುವವರು ಕುಂದಾಪುರ, ಉಡುಪಿ ಕಡೆ ಇದ್ದಾರೆ. ಒಂದೇ ತೊಂದರೆ: ಹನ್ನೆರಡು ಮೀಟರಿನ ಬಸ್ಸು 1:24ರಲ್ಲಿ ಅರ್ಧ ಮೀಟರ್ ಉದ್ದ ಬರುತ್ತದೆ. ಅದನ್ನು ಇಡಲು ಕಪಾಟಿನಲ್ಲಿ ಜಾಗ ಬೇಕು, ಮೂವತ್ತು ನಲವತ್ತು ಸೀಟು ಮಾಡುವ ತಾಳ್ಮೆ ಬೇಕು. ಮೊದಲ ಬಾರಿಗೆ ಓಮ್ನಿ ಸಾಕು.

ಯಾವ ಅಳತೆ ಒಳ್ಳೆಯದು?

1:18ರಲ್ಲಿ ಓಮ್ನಿ 187 ಮಿ.ಮೀ. ಆಗುತ್ತದೆ, 1:43ರಲ್ಲಿ 78, 1:64ರಲ್ಲಿ 53. ಅಂಗಡಿಯಲ್ಲಿ ತೂಗುಹಾಕಿರುವ ಹಾಟ್ ವೀಲ್ಸ್ ಕಾರುಗಳನ್ನು 1:64 ಎಂದು ಕರೆಯುವುದು ರೂಢಿ. ಆದರೆ ಅವೆಲ್ಲ ಒಂದೇ ಪ್ಯಾಕೆಟ್ಟಿಗೆ ಹಿಡಿಸುವ ಹಾಗೆ ಮಾಡಿದವು. ಸಣ್ಣ ಕಾರೂ ದೊಡ್ಡ ಲಾರಿಯೂ ಹೆಚ್ಚುಕಡಿಮೆ ಒಂದೇ ಉದ್ದ ಇರುವುದು ಅದಕ್ಕೇ. 1:43 ಹುಟ್ಟಿದ್ದು ಆಟಿಕೆ ರೈಲಿನ ಪಕ್ಕ ನಿಲ್ಲಿಸುವ ವಾಹನಗಳಿಂದ. ಬ್ರಿಟನ್ನಿನ ಡಿಂಕಿ ಕಾರುಗಳು ಆ ಅಳತೆಯನ್ನು ಮನೆಮಾತು ಮಾಡಿದವು. ಡಿಂಕಿಯ ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಕ್ಕೆ ಬಂದು, ಅಲ್ಲಿ 'ನಿಕಿ ಟಾಯ್ಸ್' ಹೆಸರಿನಲ್ಲಿ ಕಾರುಗಳು ತಯಾರಾದವು. ಯಾರದ್ದಾದರೂ ಅಟ್ಟದ ಮೇಲೆ ಅಂಥದ್ದೊಂದು ಸಿಕ್ಕಿದರೆ ಬಣ್ಣ ಕೆರೆಯಬೇಡಿ, ಇದ್ದ ಹಾಗೆಯೇ ಇಡಿ. ಸಂಗ್ರಹಕಾರರು ಹುಡುಕುವುದು ಮೂಲ ಬಣ್ಣವನ್ನೇ.

ಕೈಯಿಂದ ಕಟ್ಟುವವರಿಗೆ 1:24 ಹಿತ. ಬೆರಳು ಒಳಗೆ ಹೋಗುತ್ತದೆ, ತಪ್ಪಿದರೆ ಅರ್ಧ ಮಿಲಿಮೀಟರಿನವರೆಗೆ ಕಣ್ಣು ಕ್ಷಮಿಸುತ್ತದೆ.

ಅಳೆಯುವುದು

ಟೇಪು ಹಿಡಿದು ಗಾಡಿಯ ಸುತ್ತ ತಿರುಗುವ ಮೊದಲು ಯಜಮಾನರನ್ನು ಕೇಳಿ. "ಎಂತ ಮಾರಾಯ, ಗಾಡಿ ತಕಂತ್ಯಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವಿಷಯ ಹೇಳಿದರೆ ಬೇಡ ಎನ್ನುವವರು ಕಡಿಮೆ, ಟೇಪಿನ ಇನ್ನೊಂದು ತುದಿ ಹಿಡಿಯಲು ತಾವೇ ಬರುವವರೇ ಹೆಚ್ಚು.

ಕಂಪನಿಯ ನಾಲ್ಕು ಅಳತೆ ಹೊರಚೌಕಟ್ಟಿಗೆ ಮಾತ್ರ. ಕಿಟಕಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರ, ಜಾರುಬಾಗಿಲು ಎಲ್ಲಿಂದ ಎಲ್ಲಿಗೆ, ಮುಂದಿನ ಗಾಜು ಎಷ್ಟು ಓರೆ, ಇವನ್ನು ನೀವೇ ಅಳೆಯಬೇಕು. ಫೋಟೊ ತೆಗೆಯುವಾಗ ಹತ್ತಿರ ನಿಲ್ಲಬೇಡಿ. ಹತ್ತು ಮೀಟರ್ ದೂರ ಹೋಗಿ, ಕುಕ್ಕರುಗಾಲಲ್ಲಿ ಕೂತು, ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದದ್ದರಲ್ಲಿ ನಡುಭಾಗ ಉಬ್ಬಿ ತುದಿಗಳು ಸಣ್ಣದಾಗಿ ಬರುತ್ತವೆ, ಅದರ ಮೇಲೆ ಕಟ್ಟಿದ ಗಾಡಿಯೂ ಹಾಗೇ ಆಗುತ್ತದೆ. ಫೋಟೊದೊಳಗೆ ಒಂದು ಮೀಟರ್ ಕೋಲು ಕಾಣುವಂತೆ ಗಾಡಿಗೆ ಒರಗಿಸಿಟ್ಟರೆ ಆಮೇಲೆ ಬಿಟ್ಟುಹೋದ ಅಳತೆಯನ್ನು ಅದರಿಂದಲೇ ಲೆಕ್ಕ ಹಾಕಬಹುದು.

ಅಳತೆಯ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥ 2019ರಲ್ಲಿ ಸಿದ್ಧವಾದದ್ದು ಕೋಟೇಶ್ವರದಲ್ಲಿ, ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರ ಕಾರ್ಯಾಗಾರದಲ್ಲಿ. ಇನ್ನು ಹಳೆಯ ಕಾರುಗಳ ರೂಪ ಮನಸ್ಸಿನಲ್ಲಿ ಕೂರಬೇಕಿದ್ದರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಮೈಸೂರಿನ ಕಡೆ ಹೋಗುವವರಿಗೆ ಶ್ರೀರಂಗಪಟ್ಟಣದ ಬಳಿ 'ಪಯಣ' ಕಾರು ಸಂಗ್ರಹಾಲಯ ಇದೆ. ಅಲ್ಲಿ ಟೇಪು ಹೊರತೆಗೆಯಬೇಡಿ. ಬಂಪರ್ ಮೈಗೆ ಹೇಗೆ ಕೂತಿದೆ, ಕ್ರೋಮ್ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ ಬಂದರೆ ಸಾಕು.

ಸಾಮಾನು ಎಲ್ಲಿ?

ವಿಶೇಷ ಅಂಗಡಿ ಹುಡುಕುವ ಅಗತ್ಯವಿಲ್ಲ. ಬೇಕಾದದ್ದರಲ್ಲಿ ಮುಕ್ಕಾಲುಪಾಲು ಬೋರ್ಡ್ ಬರೆಯುವವರು, ಹಾರ್ಡ್‌ವೇರ್ ಅಂಗಡಿ, ಝೆರಾಕ್ಸ್ ಅಂಗಡಿ, ಗಾಡಿಗೆ ಬಣ್ಣ ಹೊಡೆಯುವ ಗ್ಯಾರೇಜು, ಇಷ್ಟರಲ್ಲಿ ಸಿಗುತ್ತದೆ.

ಬೋರ್ಡ್ ಬರೆಯುವವರ ಬಳಿ ಸನ್‌ಬೋರ್ಡ್ ತುಂಡುಗಳು ಉಳಿದಿರುತ್ತವೆ. 3 ಮಿ.ಮೀ. ದಪ್ಪದ್ದು ತಳಕ್ಕೆ, ಸೀಟಿಗೆ, ಒಳಗಿನ ಅಡ್ಡಪಟ್ಟಿಗಳಿಗೆ ಚೆನ್ನ. ಹೊರಮೈಗೆ ಅದು ಬೇಡ. 3 ಮಿ.ಮೀ. ಎಂದರೆ ನಿಜವಾದ ಗಾಡಿಯಲ್ಲಿ 72 ಮಿ.ಮೀ., ಓಮ್ನಿಯ ಕಿಟಕಿ ಕಂಬಗಳು ತೊಲೆಯಂತೆ ಕಾಣುತ್ತವೆ. ಹೊರಮೈಗೆ ಅವಧಿ ಮುಗಿದ ಎಟಿಎಂ ಕಾರ್ಡುಗಳಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಅವು ಜಗತ್ತಿನೆಲ್ಲೆಡೆ ಒಂದೇ ಅಳತೆ, 85.6ಕ್ಕೆ 54 ಮಿ.ಮೀ., ದಪ್ಪ 0.76. ಪಿವಿಸಿ ಆದ್ದರಿಂದ ಕಟ್ಟರ್‌ನಲ್ಲಿ ಎರಡು ಗೀರು ಹಾಕಿ ಮಡಚಿದರೆ ಗೆರೆಯ ಮೇಲೆಯೇ ತುಂಡಾಗುತ್ತದೆ. 140 ಮಿ.ಮೀ. ಉದ್ದದ ಮಗ್ಗುಲಿಗೆ ಒಂದು ಕಾರ್ಡು ಸಾಲದು, ಎರಡು ಜೋಡಿಸಬೇಕು. ಜೋಡಣೆಯನ್ನು ಮುಂಬಾಗಿಲು ಮುಗಿದು ಜಾರುಬಾಗಿಲು ಶುರುವಾಗುವಲ್ಲಿ ಬರುವ ಹಾಗೆ ಇಟ್ಟರೆ ಅಲ್ಲಿ ಹೇಗೂ ಒಂದು ಸಂದು ಇರಲೇಬೇಕು, ಮುಚ್ಚುವ ಕೆಲಸ ಉಳಿಯಿತು. ಎತ್ತರಕ್ಕೂ 54 ಸಾಕು, ಏಕೆಂದರೆ ಮಿಕ್ಕದ್ದು ಚಕ್ರ ಮತ್ತು ಮಾಡಿನ ಪಾಲು. (ಕಾರ್ಡಿನ ಚಿಪ್, ನಂಬರ್ ಇರುವ ಭಾಗವನ್ನು ಮೊದಲು ಕತ್ತರಿಸಿ ಬಿಸಾಡಿ.)

ಬಾಗು ಬೇಕಾದಲ್ಲಿ ಕಾರ್ಡನ್ನು ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಿಗೆ ಅದ್ದಿ, ಮೆತ್ತಗಾದ ಕೂಡಲೇ ಪೆನ್ಸಿಲಿಗೆ ಸುತ್ತಿ, ತಣ್ಣೀರಿಗೆ ಹಾಕಿ. ಅಂಟಿಸಲು ಪೈಪ್ ಕೆಲಸದವರ ಪಿವಿಸಿ ಸಾಲ್ವೆಂಟ್ ಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಸಾಕು, ಜಾಸ್ತಿಯಾದರೆ ಕಾರ್ಡೇ ಕರಗುತ್ತದೆ. ಫೆವಿಕ್ವಿಕ್ ಕೂಡ ಹಿಡಿಯುತ್ತದೆ, ಆದರೆ ಗಾಜಿನ ಹತ್ತಿರ ಅದನ್ನು ತರಲೇಬಾರದು. ಅದರ ಆವಿ ಪಾರದರ್ಶಕ ಹಾಳೆಯ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಒರೆಸಿದರೆ ಹೋಗದು. ಕಿಟಕಿ ಗಾಜಿಗೆ ಝೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್ ಹಾಳೆ, ಅಂಟಿಗೆ ಫೆವಿಕಾಲ್.

ಚಕ್ರದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಾದರಿ ಕಾರು ಆಟಿಕೆಯಂತೆ ಕಾಣುವುದಕ್ಕೆ ಹೆಚ್ಚಾಗಿ ಚಕ್ರವೇ ಕಾರಣ. ಓಮ್ನಿಯದ್ದು 12 ಇಂಚಿನ ರಿಮ್, 145 ಮಿ.ಮೀ. ಅಗಲದ ಟೈರು. ಟೈರಿನ ಹೊರವ್ಯಾಸ ಸುಮಾರು 54 ಸೆಂ.ಮೀ. 24ರಿಂದ ಭಾಗಿಸಿದರೆ ಹೊರವ್ಯಾಸ 22.5 ಮಿ.ಮೀ., ರಿಮ್ 12.7, ಟೈರಿನ ಅಗಲ 6. ಪಂಪು ರಿಪೇರಿಯವರ ಬಳಿ, ಬೋಟಿನ ಎಂಜಿನ್ ಬಿಡಿಭಾಗ ಮಾರುವಲ್ಲಿ ನೂರೆಂಟು ಅಳತೆಯ ಓ-ರಿಂಗ್‌ಗಳು ಇರುತ್ತವೆ. ಹೊರಗೆ 22, ಒಳಗೆ 12, ದಪ್ಪ 5 ಇರುವ ಓ-ರಿಂಗ್ ಕೇಳಿ. ಓಮ್ನಿಯ ಟೈರೇ ಕೈಗೆ ಬಂದಂತೆ. ನೆಲಕ್ಕೆ ತಾಗುವ ಭಾಗವನ್ನು ಮರಳು ಕಾಗದದ ಮೇಲೆ ಉರುಳಿಸಿ ಚಪ್ಪಟೆ ಮಾಡಿದರೆ ಹೊಳಪೂ ಹೋಗುತ್ತದೆ, ಟೈರಿನ ಮೈಯೂ ಬರುತ್ತದೆ. ರಿಮ್ಮಿಗೆ ಅದೇ ಅಳತೆಯ ನಾಲ್ಕು ತೂತಿನ ಗುಂಡಿ ಹುಡುಕಿ, ಬೆಳ್ಳಿ ಬಣ್ಣ ಬಳಿಯಿರಿ. ಟೈಲರ್ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇರುತ್ತವೆ.

ಬಾಗಿಲು ತೆರೆದು ಮುಚ್ಚುವ ಹಾಗೆ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಗಾಡಿಯಲ್ಲಿ ಬೇಡ. ಕೀಲಿನ ದಪ್ಪ ಅಳತೆಗೆ ಇಳಿಯುವುದಿಲ್ಲ, ಸಂದು ಅಗಲವಾಗಿ ಇಡೀ ಮಗ್ಗುಲು ಕೆಡುತ್ತದೆ. ನಿಜವಾದ ಕಾರಿನಲ್ಲಿ ಬಾಗಿಲ ಸಂದು 5 ಮಿ.ಮೀ. ಇದ್ದರೆ ಮಾದರಿಯಲ್ಲಿ ಅದು 0.2. ಕಟ್ಟರಿನ ಬ್ಲೇಡಿನ ಬೆನ್ನಿನಿಂದ ಹಗುರವಾಗಿ ಎರಡು ಸಲ ಎಳೆದರೆ ಆಗುವಷ್ಟು. ಜಾರುಬಾಗಿಲು ತೆರೆದೇ ಇರಲಿ ಅನ್ನಿಸಿದರೆ ತೆರೆದ ಸ್ಥಿತಿಯಲ್ಲೇ ಅಂಟಿಸಿ.

ಬಣ್ಣಕ್ಕೆ ಪಂಚಾಂಗ

ಬಣ್ಣದ ಮಾತಿಗೆ ಬಂದರೆ ಹೊರದೇಶದ ಪುಸ್ತಕಗಳ ಸಲಹೆ ಇಲ್ಲಿ ಅರ್ಧವೇ ಉಪಯೋಗ. ಸ್ಪ್ರೇ ಬಣ್ಣದ ಥಿನ್ನರ್ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಮಳೆಗಾಲದ ಒದ್ದೆ ಗಾಳಿಯ ನೀರು ಆ ತಣ್ಣನೆಯ ಬಣ್ಣದ ಮೇಲೆ ಕೂತು, ಒಣಗಿದಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಗ್ಯಾರೇಜಿನ ಪೇಂಟರುಗಳಿಗೆ ಇದು ಚೆನ್ನಾಗಿ ಗೊತ್ತು, ಅವರು ಮಳೆಗಾಲದಲ್ಲಿ ನಿಧಾನವಾಗಿ ಆರುವ ಬೇರೆ ಥಿನ್ನರ್ ಬೆರೆಸುತ್ತಾರೆ. ಡಬ್ಬಿ ಸ್ಪ್ರೇಯಲ್ಲಿ ಅದಕ್ಕೆ ಅವಕಾಶವಿಲ್ಲ.

ಆದ್ದರಿಂದ ಕೆಲಸವನ್ನು ಕಾಲಕ್ಕೆ ಹಂಚಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಳತೆ, ಕತ್ತರಿಸುವುದು, ಅಂಟಿಸುವುದು, ಉಜ್ಜುವುದು. ಆಸಾಡಿಯ ಜಡಿಮಳೆಯಲ್ಲಿ ಹೊರಗೆ ಹೋಗಲಾಗದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಬಣ್ಣ. ಬೆಳಗ್ಗೆ ಇಬ್ಬನಿ ಆರಿದ ನಂತರ, ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು, ನಡುವಿನ ಎರಡು ಮೂರು ಗಂಟೆ ಸಿಗುತ್ತದೆ. ಕಡಲಗಾಳಿ ಧೂಳನ್ನೂ ಉಪ್ಪನ್ನೂ ಒಟ್ಟಿಗೆ ತರುತ್ತದೆ.

ಬಣ್ಣಕ್ಕೆ ಮೊದಲು ಸಂದುಗಳಿಗೆ ಗ್ಯಾರೇಜಿನವರ ಎನ್‌ಸಿ ಪುಟ್ಟಿ ತೆಳ್ಳಗೆ ಹಚ್ಚಿ, 400ರ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ 1000ದಲ್ಲಿ. ಪುಟ್ಟಿಯಾಗಲಿ ಬಣ್ಣವಾಗಲಿ ಮೊದಲು ಚೂರು ತುಂಡಿನ ಮೇಲೆ ಹಚ್ಚಿ ನೋಡಿ. ಕೆಲವು ಥಿನ್ನರ್‌ಗಳಿಗೆ ಪ್ಲಾಸ್ಟಿಕ್ ಕರಗುತ್ತದೆ, ಥರ್ಮೊಕೋಲಂತೂ ಮಾಯವೇ ಆಗುತ್ತದೆ. ಉಜ್ಜಿಯಾದ ಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ. ತಲೆಗೆ ತೆಂಗಿನೆಣ್ಣೆ ಹಚ್ಚುವ ಊರು ನಮ್ಮದು. ಬೆರಳಿನ ಎಣ್ಣೆ ತಾಗಿದಲ್ಲಿ ಬಣ್ಣ ಹಿಡಿಯದೆ ಮೀನಿನ ಕಣ್ಣಿನಂಥ ಗುಂಡು ಗುರುತು ಏಳುತ್ತದೆ.

ಮೊದಲು ಬೂದು ಪ್ರೈಮರ್. ಕಾಣದಿದ್ದ ಗೀರುಗಳೆಲ್ಲ ಅದರ ಮೇಲೆ ಎದ್ದು ಕಾಣುತ್ತವೆ, ಬೇಸರಿಸದೆ ಮತ್ತೆ ಉಜ್ಜಿ. ಆಮೇಲೆ ಬಣ್ಣವನ್ನು ಒಂದು ಗೇಣು ದೂರದಿಂದ, ಗಾಡಿಯ ಹೊರಗೆ ಶುರುಮಾಡಿ ಹೊರಗೇ ಮುಗಿಸುವಂತೆ, ತೆಳ್ಳಗೆ ಮೂರು ನಾಲ್ಕು ಸಲ, ನಡುವೆ ಕಾಲು ಗಂಟೆ ಬಿಟ್ಟು ಹೊಡೆಯಿರಿ. ದಪ್ಪಗೆ ಒಂದೇ ಸಲ ಹೊಡೆದರೆ 0.2 ಮಿ.ಮೀ.ನ ಬಾಗಿಲ ಗೆರೆ ತುಂಬಿಹೋಗುತ್ತದೆ. ಕೆಲಸ ಜಗಲಿಯ ಹೊರಗೆ ಇರಲಿ, ಒಲೆಯಿಂದ, ದೀಪದಿಂದ ದೂರ. ಬಟ್ಟೆಯ ಮಾಸ್ಕು ಥಿನ್ನರ್ ಆವಿಯನ್ನು ತಡೆಯುವುದಿಲ್ಲ.

ಊರು ಕಾಣಿಸುವುದು

ಹೊಳೆಯುವ ಹೊಸ ಓಮ್ನಿ ಶೋರೂಮಿನದ್ದು. ಅದನ್ನು ಬೈಂದೂರಿನ ಓಮ್ನಿ ಮಾಡುವುದು ಸಣ್ಣ ಸಂಗತಿಗಳು. ಕೆಎ-20 ಎಂದು ಶುರುವಾಗುವ ನಂಬರ್ ಪ್ಲೇಟು: ನಿಜವಾದದ್ದು 500ಕ್ಕೆ 120 ಮಿ.ಮೀ., ಮಾದರಿಗೆ 21ಕ್ಕೆ 5. ಬಾಡಿಗೆ ಗಾಡಿಯಾದರೆ ಹಳದಿಯ ಮೇಲೆ ಕಪ್ಪು ಅಕ್ಷರ. ಫೋಟೊ ಸ್ಟುಡಿಯೊದಲ್ಲಿ ಒಂದೇ ಹಾಳೆಯಲ್ಲಿ ಹತ್ತಾರು ಮುದ್ರಿಸಿಕೊಳ್ಳಬಹುದು. ನಂಬರು ಯಾರ ಗಾಡಿಯದ್ದೂ ಆಗದಿರಲಿ. ಹಿಂದಿನ ಗಾಜಿನ ಮೇಲೆ ದೇವರ ಹೆಸರು, ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಮೂರ್ತಿ, ಅದಕ್ಕೆ ಮಲ್ಲಿಗೆ. ಹೊಲಿಗೆ ದಾರಕ್ಕೆ ಫೆವಿಕಾಲ್ ಸವರಿ, ಒಣಗುವ ಮೊದಲು ಸೂಜಿಮೊನೆಯಿಂದ ಬಿಳಿ ಬಣ್ಣದ ಚುಕ್ಕೆ ಒತ್ತೊತ್ತಾಗಿ ಇಡುತ್ತ ಹೋದರೆ ಮಲ್ಲಿಗೆ ಮಾಲೆ ಆಗುತ್ತದೆ. ಬಾಡಿದ ಮಾಲೆ ಬೇಕಿದ್ದರೆ ತುಸು ಕಂದು.

ಅಂಬಾಸಿಡರ್ ಕಟ್ಟುವವರಿಗೆ ಇನ್ನೊಂದು ಉಪಾಯ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಆ ಕಾರಿನ ಮೋರೆ ಇರುವುದೇ ಎರಡು ದುಂಡು ದೀಪಗಳಲ್ಲಿ. ಮಾತ್ರೆಯ ಸ್ಟ್ರಿಪ್ಪಿನ ಪಾರದರ್ಶಕ ಗುಳ್ಳೆಯನ್ನು ಕತ್ತರಿಸಿ, ಒಳಗೆ ಅಲ್ಯುಮಿನಿಯಂ ಟೇಪು ಹಾಕಿದರೆ ಹೆಡ್‌ಲೈಟು. ಬಂಪರಿಗೂ ಅದೇ ಟೇಪು, ಹತ್ತಿ ಕಡ್ಡಿಯಿಂದ ತಿಕ್ಕಿ ಕೂರಿಸಿ. ಬೆಳ್ಳಿ ಬಣ್ಣ ಎಷ್ಟು ಬಳಿದರೂ ಕ್ರೋಮ್ ಆಗುವುದಿಲ್ಲ.

ಧೂಳು ಹಾಕುವಾಗ ಕೈ ಬಿಗಿಹಿಡಿಯಬೇಕು. ನಮ್ಮ ಧೂಳು ಕೆಂಪು. ಮುರಕಲ್ಲನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಪುಡಿ ಇದ್ದರೆ ಬೇರೆ ಬಣ್ಣ ಬೇಡ. ಒಣ ಕುಂಚದಿಂದ ಚಕ್ರದ ಹಿಂದೆ, ಬಾಗಿಲ ಕೆಳ ಅಂಚಿನಲ್ಲಿ, ಹಿಂಬಂಪರಿನ ಮೇಲೆ ಮಾತ್ರ ಸವರಿ. ಮಾಡಿನ ಮೇಲೆ ಕೆಂಪು ಧೂಳು ಅಷ್ಟಾಗಿ ಕೂರುವುದಿಲ್ಲ. ಎದುರಿನ ಗಾಜಿನಲ್ಲಿ ವೈಪರ್ ಓಡಿದ ಅರ್ಧಚಂದ್ರ ಸ್ವಚ್ಛವಾಗಿರಬೇಕು. ಇಷ್ಟನ್ನು ತಪ್ಪಿಲ್ಲದೆ ಮಾಡಿದರೆ ನೋಡಿದವರು ಗಾಡಿಯನ್ನಲ್ಲ, ಅದು ಬಂದ ರಸ್ತೆಯನ್ನು ಗುರುತಿಸುತ್ತಾರೆ. ಎಲ್‌ಇಡಿ ದೀಪದ ಬಗ್ಗೆ ನನಗೆ ಅಷ್ಟು ಉಮೇದಿಲ್ಲ. ಅವುಗಳ ಬೆಳಕು ಇಷ್ಟು ಸಣ್ಣ ಗಾಡಿಗೆ ತೀರಾ ಜಾಸ್ತಿ, ಕಣ್ಣು ಅಲ್ಲಿಗೇ ಹೋಗಿ ಉಳಿದ ಕೆಲಸ ಕಾಣುವುದೇ ಇಲ್ಲ.

ಗಾಡಿಯ ಕೆಳಗೆ ನೆಲ ಮಾಡುವವರಿಗೆ ಮರವಂತೆಯ ಆಸೆ ಹುಟ್ಟುವುದು ಸಹಜ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ 66. ಆದರೆ 1:24ರಲ್ಲಿ ಕಡಲು ಮಾಡಲು ಹೊರಟರೆ ಮೇಜು ಸಾಲದು. ರಸ್ತೆಯ ಅಂಚು, ತಡೆಗಲ್ಲು, ಮರಳು, ಅಷ್ಟೇ ಸಾಕು. ಮರಳಿನ ಕಾಳು ಅರ್ಧ ಮಿ.ಮೀ. ಇದ್ದರೂ ಮಾದರಿಯಲ್ಲಿ ಅದು 12 ಮಿ.ಮೀ.ನ ಜಲ್ಲಿ, ಆದ್ದರಿಂದ ಅತ್ಯಂತ ಸಣ್ಣದನ್ನು ಮಾತ್ರ ಸೋಸಿ ತೆಗೆಯಿರಿ. ಬೈಂದೂರಿನ ಸೋಮೇಶ್ವರದ ಕಡಲದಡದ ಮರಳಾದರೆ ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಲೇಬೇಕು. ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಂಡು ಮಳೆಗಾಲದಲ್ಲಿ ಬೆವರುತ್ತದೆ. ಒಣಹುಲ್ಲಿಗೆ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ನೆಟ್ಟರೆ ಆಯಿತು.

ಕಪಾಟು

ಕಟ್ಟಿದ್ದನ್ನು ಉಳಿಸಿಕೊಳ್ಳುವುದೇ ಕರಾವಳಿಯಲ್ಲಿ ದೊಡ್ಡ ಕೆಲಸ. ಮಳೆ ಬೀಳುವ ಪಶ್ಚಿಮದ ಗೋಡೆಗೆ ಕಪಾಟು ತಾಗಿಸಬೇಡಿ. ಮುರಕಲ್ಲಿನ ಗೋಡೆ ನೀರು ಹೀರಿ ತಿಂಗಳುಗಟ್ಟಲೆ ತೇವ ಬಿಡುತ್ತದೆ. ಒಳಗೋಡೆಗೆ, ನಾಲ್ಕು ಬೆರಳು ಬಿಟ್ಟು ಇಡಿ. ಬಿಸಿಲು ನೇರ ಬೀಳುವಲ್ಲಿಯೂ ಬೇಡ, ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಮಾಸುತ್ತದೆ.

ಬಟ್ಟೆಯ ಕಪಾಟಿನಲ್ಲಿ ಇಡುವ ನುಸಿಗುಳಿಗೆಯನ್ನು ಇಲ್ಲಿ ಇಡಬಾರದು. ಅದರ ಆವಿಗೆ ಕಿಟ್ಟುಗಳ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅದರ ಬದಲು ಸಿಲಿಕಾ ಜೆಲ್: ಬಣ್ಣ ಬದಲಾಗುವ ಬಗೆಯದ್ದನ್ನು ತನ್ನಿ, ಬಣ್ಣ ತಿರುಗಿದಾಗ ಸಣ್ಣ ಉರಿಯ ಮೇಲೆ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆ ಅಡುಗೆಗೆ ವಾಪಸು ಹೋಗಬಾರದು. ಗಾಜಿನ ಪೆಟ್ಟಿಗೆ ಮಾಡಿಸಿದರೆ ಸಿಲಿಕೋನಿನ ವಿನಿಗರ್ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಆ ಆಮ್ಲದ ಆವಿ ಲೋಹವನ್ನು ತಿನ್ನುತ್ತದೆ. ಹೊಸ ಪ್ಲೈವುಡ್ಡಿನ ಆವಿಯೂ ಅಷ್ಟೇ.

ಡೈಕಾಸ್ಟ್ ಕಾರುಗಳು ಸತುವಿನ ಮಿಶ್ರಲೋಹದವು. ಹಳೆಯ ಕಾಲದ ಕೆಲವದರಲ್ಲಿ ಸೀಸ ಬೆರೆತು, ತೇವದಲ್ಲಿ ಒಳಗಿಂದಲೇ ಬಿರುಕುಬಿಟ್ಟು ಪುಡಿಯಾಗುವುದುಂಟು. ಅದಕ್ಕೆ ಮದ್ದಿಲ್ಲ, ಒಣಗಿಸಿಡುವುದೊಂದೇ ದಾರಿ. ಕೆಲವು ರಬ್ಬರ್ ಟೈರುಗಳು ವರ್ಷಗಳು ಕಳೆದಂತೆ ತಾವು ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಆದ್ದರಿಂದ ಗಾಡಿಯ ತಳಕ್ಕೆ ಸಣ್ಣ ಕಟ್ಟೆ ಕೊಟ್ಟು, ಟೈರು ನೆಲಕ್ಕೆ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ ಮಾಡಿ. ಕಾಣುವವರಿಗೆ ಗೊತ್ತಾಗುವುದಿಲ್ಲ.

ಪೆಟ್ಟಿಗೆಗೆ ಬಾಗಿಲು ಇರಲೇಬೇಕು. ತೆರೆದ ಕಪಾಟಿನಲ್ಲಿ ಕುಂಬಾರ ಹುಳ ಬಂದು ಓಮ್ನಿಯ ಸೀಟಿನ ಮೇಲೆ ಮಣ್ಣಿನ ಗೂಡು ಕಟ್ಟಿದರೆ ಆಶ್ಚರ್ಯಪಡಬೇಡಿ. ಧೂಳು ತೆಗೆಯಲು ಮೇಕಪ್ಪಿನ ಮೆತ್ತನೆಯ ಕುಂಚ ಸಾಕು, ಬಟ್ಟೆ ಹಾಕಿ ಒರೆಸಿದರೆ ಮೊದಲು ಮುರಿಯುವುದು ಕನ್ನಡಿ ಮತ್ತು ವೈಪರು.

ಶಾಲೆಯ ವಸ್ತುಪ್ರದರ್ಶನಕ್ಕೋ ಗಣೇಶೋತ್ಸವದ ಸಭಾಂಗಣಕ್ಕೋ ಒಯ್ಯುವಾಗ ಗಾಡಿಯನ್ನು ತಳದಿಂದ ಒಂದು ಸ್ಕ್ರೂ ಹಾಕಿ ಹಲಗೆಗೆ ಬಿಗಿಯಿರಿ. ಬಸ್ಸಿನಲ್ಲಿ ಹೋಗುವುದಾದರೆ ತೊಡೆಯ ಮೇಲೆ ಇಟ್ಟುಕೊಳ್ಳಿ, ಡಿಕ್ಕಿಗೆ ಕೊಡಬೇಡಿ. ಪಕ್ಕದಲ್ಲಿ ಒಂದು ಚೀಟಿಯಲ್ಲಿ ಅಳತೆ, ಬಳಸಿದ ಸಾಮಾನು, ಕಟ್ಟಿದ ವರ್ಷ ಬರೆದಿಡಿ. ಕಾರ್ಡು, ಗುಂಡಿ, ಓ-ರಿಂಗ್ ಎಂದು ಓದಿದ ಮೇಲೆ ಜನ ಮತ್ತೊಮ್ಮೆ ಬಗ್ಗಿ ನೋಡುತ್ತಾರೆ. ಮಕ್ಕಳು ಮುಟ್ಟದೆ ಬಿಡುವುದಿಲ್ಲ, ಅವರಿಗೆಂದೇ ಬಣ್ಣ ಹೋದ ಒಂದೆರಡು ಡೈಕಾಸ್ಟ್ ಕಾರುಗಳನ್ನು ಮೇಜಿನ ಈಚೆ ಬದಿಗೆ ಬಿಟ್ಟಿರಿ.